ಹೆತ್ತ ಕರುಳು ತಲೆಯೊಳಗಿದೆ

ಅಕ್ಕನ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮಗುವಿಗೆ ಆಗ ಇಪ್ಪತ್ತು ದಿನ ಇರಬೇಕು. ಒಂದು ಮಧ್ಯಾಹ್ನ ಮಗು ಒಳಗೆ ತೊಟ್ಟಿಲಲ್ಲಿ ಮಲಗಿತ್ತು, ಅಕ್ಕ ನಡುಮನೆಯಲ್ಲಿ ತಟ್ಟೆ ಮುಂದೆ ಕೂತಿದ್ದಳು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ. ಪಕ್ಕದ ಮನೆಗೆ ಯಾರೋ ನೆಂಟರು ಬಂದಿದ್ದರು. ಅವರ ಕೂಸು ಒಮ್ಮೆ ಕಿಟಾರನೆ ಅತ್ತಿತು. ಅಕ್ಕ ತುತ್ತು ತಟ್ಟೆಗೇ ಬಿಟ್ಟು ಎದ್ದಳು. ನೋಡಿದರೆ ರವಿಕೆ ಒದ್ದೆ.

"ನಮ್ದಲ್ಲ ಕಣಮ್ಮ ಅದು, ಪಕ್ಕದ ಮನೇದು" ಅಂತ ಅವಳೇ ಅಮ್ಮನಿಗೆ ಹೇಳಿದಳು. ತಲೆಗೆ ಗೊತ್ತಾಗಿತ್ತು, ಎದೆಗೆ ಹೇಳೋರು ಯಾರು? ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಕೂಡ ಎತ್ತದೆ, "ಹೆತ್ತ ಕರುಳು ಕಣೇ, ಯಾರ ಮನೇದು ಅಂತ ಕೇಳಲ್ಲ" ಅಂದರು.

ಕನ್ನಡದಲ್ಲಿ ತಾಯ್ತನವನ್ನು ನಾವು ಹೊಟ್ಟೆಯಲ್ಲೇ ಇಟ್ಟಿದ್ದೇವೆ. ಕರುಳ ಕುಡಿ, ಕರುಳ ಬಳ್ಳಿ, ಕರುಳು ಚುರ್ ಅಂದಿತು. ಮಾತು ಚೆನ್ನಾಗಿದೆ, ವಿಳಾಸ ಮಾತ್ರ ಬೇರೆ. ಹುಡುಕಿಕೊಂಡು ಹೋದ ವಿಜ್ಞಾನಿಗಳಿಗೆ ಆ ಕರುಳು ಸಿಕ್ಕಿದ್ದು ತಲೆಬುರುಡೆಯೊಳಗೆ, ಎರಡೂ ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ಸ್ವಲ್ಪ ಮೇಲೆ. ಅಲ್ಲಿಗೆ ಅವರನ್ನು ಕರೆದುಕೊಂಡು ಹೋಗಿದ್ದು ಇಲಿಗಳು.

ಒಮ್ಮೆಯೂ ಮರಿ ಹಾಕದ ಹೆಣ್ಣಿಲಿಯ ಪಂಜರದಲ್ಲಿ ಬೇರೆ ಇಲಿಯ ಎಳೆಮರಿಗಳನ್ನು ಇಟ್ಟರೆ ಅದಕ್ಕೇನೂ ಪ್ರೀತಿ ಉಕ್ಕುವುದಿಲ್ಲ. ಹೆದರುತ್ತದೆ. ಮೂಸಿ, ಹಿಂದೆ ಸರಿದು, ದೂರದ ಮೂಲೆಯಲ್ಲಿ ಹೋಗಿ ಕೂರುತ್ತದೆ. ಅದೇ ಇಲಿ ಬಸುರಾಗಿ, ಇಪ್ಪತ್ತೆರಡು ದಿನ ಕಳೆದು ಹೆತ್ತಾಗ ನೋಡಬೇಕು. ಗೂಡು ಕಟ್ಟಿರುತ್ತದೆ. ಮರಿಗಳನ್ನು ನೆಕ್ಕಿ ಒಣಗಿಸುತ್ತದೆ. ಉರುಳಿಹೋದ ಮರಿಯನ್ನು ಬಾಯಲ್ಲಿ ಕಚ್ಚಿ ತರುತ್ತದೆ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮರಿಗಳು ಅಡಿಗೆ ಸಿಕ್ಕದಂತೆ ನಿಂತು ಹಾಲು ಕೊಡುತ್ತದೆ. ಚೊಚ್ಚಲ ಹೆರಿಗೆ, ಹೇಳಿಕೊಟ್ಟವರು ಯಾರೂ ಇಲ್ಲ. ಹಾಗಾದರೆ ಈ ಇಪ್ಪತ್ತೆರಡು ದಿನದಲ್ಲಿ ಏನಾಯಿತು?

ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಜೇ ರೋಸೆನ್‌ಬ್ಲಾಟ್ ಮತ್ತು ಜೋಸೆಫ್ ಟರ್ಕೆಲ್ ಎಂಬ ಇಬ್ಬರು ಇದಕ್ಕೆ ನೇರವಾದ ದಾರಿ ಹಿಡಿದರು. ಆಗ ತಾನೇ ಹೆತ್ತ ಇಲಿಯ ರಕ್ತವನ್ನು ಕೊಳವೆಯ ಮೂಲಕ ಮರಿ ಹಾಕದ ಇಲಿಯ ಮೈಗೆ ಹರಿಸಿದರು. ಎರಡೂ ಇಲಿಗಳು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು. 1972ರಲ್ಲಿ ಪ್ರಕಟವಾದ ಫಲಿತಾಂಶ ಇದು: ರಕ್ತ ಪಡೆದ ಇಲಿ ಸುಮಾರು 14–15 ಗಂಟೆಯಲ್ಲಿ ತಾಯಿಯಾಗಿತ್ತು. ಬಸುರಿಲ್ಲ, ಹೆರಿಗೆಯಿಲ್ಲ, ಮರಿಗಳು ಅದರವಲ್ಲ. ಆದರೂ ಬಾಯಲ್ಲಿ ಕಚ್ಚಿ ತಂದು ಗೂಡಿಗೆ ಹಾಕಿಕೊಂಡಿತು. ಇನ್ನೊಂದು ಸ್ವಾರಸ್ಯ ನೋಡಿ. ಹೆರಿಗೆಗೆ ಒಂದು ದಿನ ಮುಂಚಿನ ರಕ್ತ ಕೊಟ್ಟರೂ ಹೀಗಾಗಲಿಲ್ಲ, ಒಂದು ದಿನ ಆದ ಮೇಲಿನ ರಕ್ತಕ್ಕೂ ಆಗಲಿಲ್ಲ. ಹೆತ್ತ ಆ ಹೊತ್ತಿನ ರಕ್ತವೇ ಬೇಕಿತ್ತು.

ಹಾಗಾದರೆ ತಾಯ್ತನ ರಕ್ತದಲ್ಲಿದೆ, ಕತೆ ಮುಗಿಯಿತು ಅಲ್ವಾ? ಇಲ್ಲ. ಅದಕ್ಕೂ ಐದು ವರ್ಷ ಮುಂಚೆ ಇದೇ ರೋಸೆನ್‌ಬ್ಲಾಟ್ ಇನ್ನೊಂದು ಕೆಲಸ ಮಾಡಿದ್ದರು. ಮರಿ ಹಾಕದ ಇಲಿಯ ಜೊತೆ ಎಳೆಮರಿಗಳನ್ನು ಸುಮ್ನೆ ಬಿಟ್ಟರು. ಆ ಇಲಿಗೆ ಹಾಲಿಲ್ಲವಲ್ಲ, ಹಾಗಾಗಿ ದಿನಾ ಹಳೇ ಮರಿಗಳನ್ನು ತೆಗೆದು ಹೊಟ್ಟೆ ತುಂಬಿದ ಹೊಸ ಮರಿಗಳನ್ನು ಇಡಬೇಕಿತ್ತು. ಒಂದು ದಿನ, ಎರಡು ದಿನ, ಮೂರು ದಿನ, ಇಲಿ ಮೂಲೆ ಬಿಟ್ಟು ಬರಲಿಲ್ಲ. ಆರನೇ ದಿನದ ಹೊತ್ತಿಗೆ ಹತ್ತಿರ ಬಂದು ನೆಕ್ಕತೊಡಗಿತು. ಮರಿಗಳನ್ನು ಗೂಡಿಗೆ ಎಳೆದುಕೊಂಡು ಹಾಲಿಲ್ಲದ ಮೈಯನ್ನೇ ಬಿಲ್ಲಿನಂತೆ ಬಗ್ಗಿಸಿ ನಿಂತಿತು. ಅಂಡಾಶಯ ತೆಗೆದ ಇಲಿಗಳೂ ಹಾಗೇ ಮಾಡಿದವು. ಹಾರ್ಮೋನುಗಳ ಯಜಮಾನನಾದ ಪಿಟ್ಯುಟರಿ ಗ್ರಂಥಿಯನ್ನೇ ತೆಗೆದವೂ ಮಾಡಿದವು. ಗಂಡಿಲಿಗಳೂ ಮಾಡಿದವು.

ಒಂದು ಪ್ರಯೋಗ ಎಲ್ಲವೂ ರಕ್ತದಲ್ಲಿದೆ ಅನ್ನುತ್ತದೆ, ಇನ್ನೊಂದು ಆ ರಕ್ತವೇ ಬೇಡ, ಜೊತೆಯಲ್ಲಿದ್ದರೆ ಸಾಕು ಅನ್ನುತ್ತದೆ. ಎರಡೂ ನಿಜ. ನನಗನ್ನಿಸುವಂತೆ ಈ ವಿಷಯದಲ್ಲಿ ಇಷ್ಟು ವರ್ಷ ನಡೆದ ಕೆಲಸವೆಲ್ಲ ಈ ಎರಡು ಪಂಜರಗಳ ನಡುವಿನ ಓಡಾಟವೇ.

ಮೊದಲು ರಕ್ತದ ಲೆಕ್ಕ ನೋಡೋಣ. ಬಸುರಿನುದ್ದಕ್ಕೂ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಮೇಲಿರುತ್ತದೆ. ಗರ್ಭಕೋಶವನ್ನು ಅಲುಗಾಡದಂತೆ ಹಿಡಿದಿಡುವುದು ಇದರ ಕೆಲಸ. ಇಲಿಗಳಲ್ಲಿ ಹೆರಿಗೆಗೆ ಸ್ವಲ್ಪ ಮುಂಚೆ ಇದು ಇಳಿಯುತ್ತದೆ, ಈಸ್ಟ್ರೋಜೆನ್ ಏರುತ್ತದೆ. ಹಾಲಿನ ಹಾರ್ಮೋನ್ ಪ್ರೊಲ್ಯಾಕ್ಟಿನ್ ಜೊತೆಗೂಡುತ್ತದೆ. ಹೆರಿಗೆಯ ಹೊತ್ತಿಗೆ ಆಕ್ಸಿಟೋಸಿನ್ ಸುರಿಯುತ್ತದೆ. ಈ ಏರಿಳಿತದ ಸರದಿ ಮುಖ್ಯ, ಒಂದೊಂದೇ ಹಾರ್ಮೋನ್ ಬಿಡಿಯಾಗಿ ಕೊಟ್ಟರೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅಗುಳಿ ತೆಗೆಯದೆ ಬಾಗಿಲು ತಳ್ಳಿದ ಹಾಗೆ.

ಬಾಗಿಲು ಎಲ್ಲಿದೆ ಅನ್ನುವುದು ಮುಂದಿನ ಪ್ರಶ್ನೆ. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಇದೆ. ಹಸಿವು, ಬಾಯಾರಿಕೆ, ಮೈಬಿಸಿ, ಸಿಟ್ಟು ಎಲ್ಲದರ ಕಾರುಬಾರು ಅಲ್ಲೇ. ಅದರ ಮುಂಭಾಗದಲ್ಲಿ ಮೀಡಿಯಲ್ ಪ್ರಿಆಪ್ಟಿಕ್ ಏರಿಯಾ ಎಂಬ ಪುಟ್ಟ ಜಾಗವಿದೆ. ಹೆಸರು ಬಾಯಿ ತಿರುಗದ ಹಾಗಿದೆ, ಮುಂದೆ ಇದನ್ನು ಸುಮ್ಮನೆ 'ಆ ಜಾಗ' ಅನ್ನುತ್ತೇನೆ. 1974ರಲ್ಲಿ ಮೈಕೆಲ್ ನ್ಯೂಮನ್ ಎಂಬ ವಿಜ್ಞಾನಿ ತಾಯಿ ಇಲಿಗಳಲ್ಲಿ ಆ ಜಾಗಕ್ಕೆ ಗಾಯ ಮಾಡಿ ನೋಡಿದರು. ಇಲಿ ತಿನ್ನುತ್ತಿತ್ತು, ಓಡಾಡುತ್ತಿತ್ತು, ಎಲ್ಲ ಸರಿಯಾಗಿತ್ತು. ಮರಿಗಳನ್ನು ಮಾತ್ರ ಎತ್ತಿ ತರಲಿಲ್ಲ, ಗೂಡು ಕಟ್ಟಲಿಲ್ಲ.

ಇನ್ನೂ ಒಳಗೆ ಹೋದದ್ದು ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್. ಅವರು ಹಿಡಿದದ್ದು ಇಲಿಗಿಂತ ಚಿಕ್ಕದಾದ ಚಿಟ್ಟಿಲಿಯನ್ನು. ಚಿಟ್ಟಿಲಿಗಳ ಲೋಕ ಸ್ವಲ್ಪ ಭಯಾನಕ. ಹೆಣ್ಣು ಹೆರದಿದ್ದರೂ ಮರಿಗಳನ್ನು ನೋಡಿಕೊಳ್ಳುತ್ತದೆ, ಹೆಣ್ಣಿನ ಜೊತೆ ಇನ್ನೂ ಕೂಡದ ಗಂಡು ಮಾತ್ರ ಕಂಡ ಮರಿಯನ್ನು ಕಚ್ಚಿ ಕೊಲ್ಲುತ್ತದೆ. ಅದೇ ಗಂಡು ಒಂದು ಹೆಣ್ಣಿನ ಜೊತೆ ಕೂಡಿ ಸುಮಾರು ಮೂರು ವಾರ ಕಳೆಯಲಿ, ಕೊಲ್ಲುವುದನ್ನು ಬಿಟ್ಟು ಮರಿಗಳನ್ನು ಬೆಚ್ಚಗಿಟ್ಟುಕೊಂಡು ಕೂರುತ್ತದೆ. ಚಿಟ್ಟಿಲಿಯ ಬಸುರು ಎಷ್ಟು ದಿನ? ಮೂರು ವಾರ. ಅಂದರೆ ಹುಟ್ಟುವ ಮರಿ ತನ್ನದಾಗಿರಬಹುದಾದ ಹೊತ್ತಿಗೆ ಸರಿಯಾಗಿ ಅಪ್ಪನಾಗುತ್ತದೆ. ಎರಡು ತಿಂಗಳಾಯಿತೆಂದರೆ ಮತ್ತೆ ಹಳೇ ಚಾಳಿ. ಕ್ಯಾಲೆಂಡರ್ ಇಲ್ಲದ ಪ್ರಾಣಿಗೆ ಇದು ಹೇಗೆ ತಿಳಿಯುತ್ತದೋ!

ಡುಲಾಕ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ್ದು ಹೀಗೆ. ಆ ಜಾಗದಲ್ಲಿ ಗ್ಯಾಲನಿನ್ ಎಂಬ ರಾಸಾಯನಿಕ ತಯಾರಿಸುವ ಒಂದು ಗುಂಪು ನರಕೋಶಗಳಿವೆ. ಮರಿ ಸಾಕುವಾಗ ಇವು ಚುರುಕಾಗುತ್ತವೆ. ಇವನ್ನು ತೆಗೆದುಹಾಕಿದರೆ ತಾಯಿಯೂ ಮರಿಗಳನ್ನು ಕೈಬಿಡುತ್ತದೆ. ಬೆಳಕು ಹಾಯಿಸಿ ಇವನ್ನು ಎಚ್ಚರಿಸಿದರೆ, ಕೊಲ್ಲಲು ಬಂದ ಗಂಡು ನಿಂತು ಮರಿಯನ್ನು ನೆಕ್ಕುತ್ತದೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಟ ತಿರುವಲಿಲ್ಲ. ಗಂಡಿನ ತಲೆಯಲ್ಲೂ ಆ ತಂತಿಯೆಲ್ಲ ಎಳೆದೇ ಇದೆ. ಸ್ವಿಚ್ ಹಾಕುವ ರೀತಿ ಬೇರೆ, ಅಷ್ಟೇ.

2018ರಲ್ಲಿ ಇದೇ ತಂಡ ಆ ತಂತಿಗಳು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಹುಡುಕಿತು. ಒಂದು ಎಳೆ ನಡುಮಿದುಳಿಗೆ ಹೋಗಿ ನೆಕ್ಕುವ ಕೆಲಸ ಮಾಡಿಸುತ್ತದೆ. ಇನ್ನೊಂದು ಎಳೆ, ಬೇಕು ಅನ್ನುವ ತುಡಿತ ಹುಟ್ಟಿಸುವ ಡೋಪಮಿನ್ ಎಂಬ ರಾಸಾಯನಿಕ ಇರುವ ಕಡೆಗೆ ಹೋಗುತ್ತದೆ. ಇದು ಎಚ್ಚರವಾದರೆ ಪ್ರಾಣಿ ಅಡ್ಡ ಇಟ್ಟ ತಡೆಯನ್ನು ಹತ್ತಿ ದಾಟಿ ಮರಿಯ ಹತ್ತಿರ ಹೋಗುತ್ತದೆ. ಮೂರನೆಯದು ಬೇರೆ ದೊಡ್ಡ ಚಿಟ್ಟಿಲಿಗಳ ಮೇಲಿನ ಆಸಕ್ತಿಯನ್ನು ತಗ್ಗಿಸುತ್ತದೆ. ಎಳೆ ಮಗು ಇರುವ ಮನೆಯವರು ಫೋನ್ ಎತ್ತುವುದಿಲ್ಲ, ಮದುವೆ ಮುಂಜಿಗೆ ಬರುವುದಿಲ್ಲ ಅಂತ ದೂರುವವರು ಈ ಮೂರನೇ ಎಳೆಯನ್ನು ನೆನಪಿಟ್ಟುಕೊಳ್ಳಬಹುದು. ಇಲಿಯದನ್ನು ಹಾಗೇ ಮನುಷ್ಯರಿಗೆ ಹಚ್ಚಬಾರದು ಅಂತ ನನಗೂ ಗೊತ್ತು, ಆದರೂ.

ಈಗ ಆಕ್ಸಿಟೋಸಿನ್. ಇದರ ಬಗ್ಗೆ ನನಗೊಂದು ಸಣ್ಣ ಸಿಟ್ಟಿದೆ. 'ಪ್ರೀತಿಯ ಹಾರ್ಮೋನ್' ಅಂತ ಹೆಸರಿಟ್ಟು, ತಬ್ಬಿಕೊಂಡರೆ ಸುರಿಯುತ್ತದೆ, ನಾಯಿ ಸವರಿದರೆ ಸುರಿಯುತ್ತದೆ ಅಂತ ಬರೆದು ಬರೆದು ಅದನ್ನು ಗುಲ್ಕನ್ ಮಾಡಿಟ್ಟಿದ್ದಾರೆ. ಅದು ಶುರುವಾದದ್ದು ಪ್ರೀತಿಯಿಂದಲ್ಲ, ಸ್ನಾಯುವಿನಿಂದ. 1906ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಎತ್ತಿನ ಪಿಟ್ಯುಟರಿಯ ಸಾರವನ್ನು ಬಸುರಿ ಬೆಕ್ಕಿಗೆ ಕೊಟ್ಟಾಗ ಗರ್ಭಕೋಶ ಬಿಗಿಯಾಗಿ ಮುದುಡಿತು. ಹೆಸರಿಗೂ ಗ್ರೀಕ್‌ನಲ್ಲಿ 'ಬೇಗ ಹೆರಿಗೆ' ಎಂಬ ಅರ್ಥವೇ ಇದೆ. ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರ ಅದು. ಅದನ್ನು ಪ್ರಯೋಗಾಲಯದಲ್ಲಿ ಪೋಣಿಸಿದ ವಿನ್ಸೆಂಟ್ ಡು ವಿನ್ಯೋಗೆ 1955ರ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿತು.

ದನ ಕಟ್ಟಿದವರಿಗೆ ಆಕ್ಸಿಟೋಸಿನ್ ಹೆಸರು ಗೊತ್ತಿಲ್ಲದಿದ್ದರೂ ಅದರ ಕೆಲಸ ಗೊತ್ತು. ಮೊದಲು ಕರು ಬಿಡುತ್ತಾರೆ. ಕರು ಕೆಚ್ಚಲಿಗೆ ನಾಲ್ಕು ಸಲ ಗುದ್ದುತ್ತದೆ, ಬಾಯಿ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಜೋತು ಬಿದ್ದ ಮೊಲೆಗಳು ತುಂಬಿ ಸೆಟೆಯುತ್ತವೆ, ಹಸು ಹಾಲು ಇಳಿಸುತ್ತದೆ. ಆಗ ಕರುವನ್ನು ಎಳೆದು ಕಟ್ಟಿ ಚೆಂಬು ಹಿಡಿಯುತ್ತಾರೆ. ಮೊಲೆಯಿಂದ ಸುದ್ದಿ ಬೆನ್ನುಹುರಿ ಹತ್ತಿ ಮಿದುಳಿಗೆ ಹೋಗಬೇಕು, ಅಲ್ಲಿಂದ ಆಕ್ಸಿಟೋಸಿನ್ ರಕ್ತದಲ್ಲಿ ಕೆಚ್ಚಲಿಗೆ ಬಂದು ಹಾಲಿನ ಗೂಡುಗಳನ್ನು ಹಿಂಡಬೇಕು. ಆ ಸ್ವಲ್ಪ ಹೊತ್ತು ಹಿಡಿಯುವುದು ಈ ಓಡಾಟಕ್ಕೆ. ಹಸು ಬೆದರಿದರೆ ಹಾಲು ಇಳಿಸುವುದಿಲ್ಲ, ಅದೂ ಮಿದುಳಿನದೇ ಕೆಲಸ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸುವ ರೂಢಿಯೂ ಇದೆ. ನಮ್ಮಕ್ಕನ ರವಿಕೆ ಒದ್ದೆಯಾದದ್ದು ಇದೇ ದಾರಿಯಲ್ಲಿ. ಕೆಲವು ದಿನ ಹಾಲು ಕೊಟ್ಟ ಮೇಲೆ ಮುಟ್ಟುವುದೂ ಬೇಕಿಲ್ಲ, ಅಳು ಕೇಳಿದರೆ ಸಾಕು.

ಈ ಕಾಯುವ ತಾಳ್ಮೆ ಇಲ್ಲದವರು ಎಮ್ಮೆ ಹಸುಗಳಿಗೆ ಆಕ್ಸಿಟೋಸಿನ್ ಸೂಜಿ ಚುಚ್ಚುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಇದನ್ನು ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಖಾಸಗಿಯವರು ಇದನ್ನು ತಯಾರಿಸಬಾರದು, ಸರ್ಕಾರಿ ಕಂಪನಿ ಮಾತ್ರ ತಯಾರಿಸಲಿ ಅಂತ ಆದೇಶ ಹೊರಡಿಸಿತು. ಆ ಕೆಲಸ ಬಿದ್ದದ್ದು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಮೇಲೆ. ಆದರೆ ಹೆರಿಗೆಯಾದ ಮೇಲೆ ರಕ್ತ ನಿಲ್ಲದ ಹೆಂಗಸರನ್ನು ಉಳಿಸುವ ಮದ್ದೂ ಇದೇ. ಔಷಧ ಸಿಗದೆ ಹೋದರೆ ಗತಿಯೇನು ಎಂಬ ವಾದ ಎದ್ದು, ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಸೂಜಿ ಹಾಕಿದರೆ ಹಾಲು ಬರುತ್ತದೆ, ಪ್ರೀತಿ ಬರುತ್ತದೆಯೇ? ರಕ್ತದಲ್ಲಿರುವ ಆಕ್ಸಿಟೋಸಿನ್ ಮಿದುಳಿಗೆ ನುಗ್ಗುವುದು ತೀರಾ ಕಡಿಮೆ. ಮಿದುಳಿಗೆ ತನ್ನದೇ ಕೊಳಾಯಿ ಬೇರೆ ಇದೆ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು ಕುರಿಗಳು.

ಕುರಿಗೆ ಇಲಿಯಂತೆ ಎಲ್ಲ ಮರಿಗಳೂ ಒಂದೇ ಅಲ್ಲ. ಹಿಂಡಿನಲ್ಲಿ ಹತ್ತಾರು ಕುರಿಗಳು ಒಂದೇ ಸಮಯಕ್ಕೆ ಈಯುತ್ತವೆ, ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡುತ್ತವೆ. ತನ್ನದು ಯಾವುದು ಅಂತ ಗೊತ್ತಿರಲೇಬೇಕು. ಈದ ಮೊದಲ ಒಂದೆರಡು ಗಂಟೆಯಲ್ಲಿ ತಾಯಿ ತನ್ನ ಮರಿಯ ವಾಸನೆ ಕಲಿತುಬಿಡುತ್ತದೆ. ಆಮೇಲೆ ಬೇರೆ ಮರಿ ಮೊಲೆಗೆ ಬಂದರೆ ಗುಮ್ಮಿ ಓಡಿಸುತ್ತದೆ. ಬೇರೆ ದಿನಗಳಲ್ಲಿ ಕುರಿ, ಗರ್ಭದಲ್ಲಿ ಮರಿಯ ಸುತ್ತ ಇರುವ ನೀರಿನ ವಾಸನೆ ಕಂಡರೆ ಮುಖ ತಿರುಗಿಸುತ್ತದೆ. ಈದ ಹೊತ್ತಿನಲ್ಲಿ ಅದೇ ನೀರನ್ನು ಬಿಡದೆ ನೆಕ್ಕುತ್ತದೆ. ಮೂಗು ಬದಲಾಗಿಲ್ಲ, ಮೂಗಿನ ಹಿಂದಿರುವ ಮಿದುಳು ಬದಲಾಗಿದೆ.

ಕೇಂಬ್ರಿಡ್ಜ್‌ನ ಬ್ಯಾರಿ ಕೆವರ್ನ್ ಮತ್ತು ಜೊತೆಗಾರರು 1983ರಲ್ಲಿ ತೋರಿಸಿದ್ದು ಇದರ ಕೀಲಿಯನ್ನು. ಮರಿ ಹೊರಬರುವಾಗ ಗರ್ಭದ ಬಾಯಿ ಹಿಗ್ಗುತ್ತದಲ್ಲ, ಆ ಹಿಗ್ಗುವಿಕೆಯೇ ಮಿದುಳಿಗೆ ಹೋಗುವ ಸಂದೇಶ. ಹಾರ್ಮೋನ್ ಕೊಟ್ಟು ಸಿದ್ಧ ಮಾಡಿದ, ಬಸುರೇ ಅಲ್ಲದ ಕುರಿಯಲ್ಲಿ ಐದು ನಿಮಿಷ ಕೈಯಿಂದ ಹಾಗೆ ಹಿಗ್ಗಿಸಿದರು. ಕುರಿ ಮುಂದಿದ್ದ ಮರಿಯನ್ನು ತನ್ನದೆಂದು ನೆಕ್ಕತೊಡಗಿತು. ಮುಂದೆ ಕೀತ್ ಕೆಂಡ್ರಿಕ್ ಮತ್ತು ಜೊತೆಗಾರರು ಆಕ್ಸಿಟೋಸಿನ್ನನ್ನು ನೇರವಾಗಿ ಕುರಿಯ ಮಿದುಳಿಗೆ ಹಾಯಿಸಿದಾಗಲೂ ಅದೇ ಆಯಿತು, ಅದೂ ಕ್ಷಣದಲ್ಲಿ. ಇಂಗ್ಲೆಂಡಿನ ಕುರಿಗಾಹಿಗಳಿಗೆ ಹಾರ್ಮೋನಿನ ವಿಷಯ ಗೊತ್ತಿರಲಿಲ್ಲ, ಆದರೆ ದಾರಿ ಗೊತ್ತಿತ್ತು. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಹಚ್ಚಬೇಕಾದರೆ, ಆ ಕುರಿಯ ಸತ್ತ ಮರಿಯ ತೊಗಲು ಸುಲಿದು ತಬ್ಬಲಿಗೆ ಅಂಗಿಯ ಹಾಗೆ ತೊಡಿಸುತ್ತಿದ್ದರು.

ಕುರಿಯದು ಮೂಗಾದರೆ ಚಿಟ್ಟಿಲಿಯದು ಕಿವಿ. ಗೂಡಿನಿಂದ ಉರುಳಿದ ಮರಿ ನಮ್ಮ ಕಿವಿಗೆ ಕೇಳಿಸದಷ್ಟು ಕೀರಲು ದನಿಯಲ್ಲಿ ಕೂಗುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ರಾಬರ್ಟ್ ಫ್ರೋಮ್ಕಿ ತಂಡ 2015ರಲ್ಲಿ ಕಂಡದ್ದು: ತಾಯಿಯ ಮಿದುಳಿನ ಎಡಭಾಗದ ಕೇಳುವ ಜಾಗದಲ್ಲಿ ಆ ಕೂಗಿಗೆ ನರಕೋಶಗಳು ತಾಳ ತಪ್ಪದೆ ಮಿಡಿಯುತ್ತವೆ. ಹೆರದ ಹೆಣ್ಣಿನಲ್ಲಿ ಅವು ಅಡ್ಡಾದಿಡ್ಡಿ ಮಿಡಿಯುತ್ತವೆ. ಆಕ್ಸಿಟೋಸಿನ್ ಕೊಟ್ಟು ಕೂಗು ಕೇಳಿಸಿದರೆ ಅವೂ ತಾಳಕ್ಕೆ ಬರುತ್ತವೆ. ಅಂದರೆ ಹಾರ್ಮೋನ್ ಪ್ರೀತಿ ತುಂಬುವುದಿಲ್ಲ. ಆ ಕೂಗಿನ ದನಿ ಏರಿಸುತ್ತದೆ, ಉಳಿದ ಗದ್ದಲದಿಂದ ಅದನ್ನು ಬೇರೆ ಮಾಡುತ್ತದೆ.

ಇದೇ ತಂಡ 2021ರಲ್ಲಿ ಪ್ರಕಟಿಸಿದ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ತಾಯಿ, ಮರಿಗಳು, ಜೊತೆಗೆ ಒಂದು ಹೆರದ ಹೆಣ್ಣು, ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಹಗಲೂ ರಾತ್ರಿ ಕ್ಯಾಮೆರಾ ಹಾಕಿದರು. ತಾಯಿ ಆಗಾಗ ಹೋಗಿ ಆ ಹೆಣ್ಣನ್ನು ಹಿಡಿದು ಗೂಡಿಗೆ ಎಳೆದು ತರುತ್ತಿತ್ತು. ಸುಮ್ನೆ ಮೂಲೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಗಾಜಿನಂಥ ತಡೆಯ ಆಚೆಯಿಂದ ತಾಯಿಯ ಕೆಲಸ ನೋಡಿದ ಹೆಣ್ಣುಗಳೂ ಮರಿಯನ್ನು ಎತ್ತಿ ತರುವುದನ್ನು ಕಲಿತವು, ತಡೆಯ ಆಚೆಗೆ ಏನೂ ಕಾಣದಿದ್ದರೆ ಕಲಿಯಲಿಲ್ಲ. ಹೀಗೆ ನೋಡುವಾಗ ಅವುಗಳ ಮಿದುಳಿನ ಆಕ್ಸಿಟೋಸಿನ್ ಕೋಶಗಳೂ ಎಚ್ಚರವಾಗಿದ್ದವು. ನಮ್ಮಜ್ಜಿ ಮದುವೆಯಾಗದ ಚಿಕ್ಕಮ್ಮನನ್ನು "ಬಾ ಇಲ್ಲಿ, ಎರೆಯೋದು ನೋಡು" ಅಂತ ಬಚ್ಚಲಿಗೆ ಕರೆಯುತ್ತಿದ್ದದ್ದು ನೆನಪಾಯಿತು.

ಮನುಷ್ಯರ ತಲೆ ತೆರೆದು ನೋಡುವಂತಿಲ್ಲ, ಸ್ಕ್ಯಾನ್ ಮಾಡಬಹುದು. ಬಸುರಿಯ ಮೈಯಲ್ಲಿ ಈಸ್ಟ್ರೋಜೆನ್ ನೂರಾರು ಪಟ್ಟು ಏರುತ್ತದೆ. ಮಿದುಳು ಹಾಗೇ ಇರಲು ಸಾಧ್ಯವೇ? ಎಲ್ಸೆಲೀನ್ ಹೋಕ್ಸೆಮಾ ಮತ್ತು ಸಂಗಡಿಗರು ಸ್ಪೇನಿನ ಬಾರ್ಸಿಲೋನಾದಲ್ಲಿ 25 ಹೆಂಗಸರನ್ನು ಚೊಚ್ಚಲ ಬಸುರಿಗೆ ಮುಂಚೆ ಒಮ್ಮೆ, ಹೆರಿಗೆಯಾದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿದರು. 2016ರ ಕೊನೆಗೆ ಫಲಿತಾಂಶ ಬಂತು. ಮಿದುಳಿನ ಬೂದು ಭಾಗ, ಅಂದರೆ ನರಕೋಶಗಳು ಒತ್ತಾಗಿರುವ ಭಾಗ, ಕುಗ್ಗಿತ್ತು. ಎಷ್ಟು ಖಚಿತವಾಗಿ ಅಂದರೆ, ಬರೀ ಸ್ಕ್ಯಾನ್ ನೋಡಿ ಯಾರು ಬಸುರಾಗಿದ್ದರು, ಯಾರು ಆಗಿರಲಿಲ್ಲ ಎಂದು ಕಂಪ್ಯೂಟರ್ ತಪ್ಪಿಲ್ಲದೆ ಹೇಳಿತು. ಎರಡು ವರ್ಷದ ನಂತರವೂ ಆ ಬದಲಾವಣೆ ಹೆಚ್ಚುಪಾಲು ಹಾಗೇ ಇತ್ತು.

ಕುಗ್ಗಿತು ಅಂದ ಕೂಡಲೇ ಕೆಟ್ಟದ್ದು ಅಂದುಕೊಳ್ಳಬೇಡಿ. ನೆನಪಿನ ಪರೀಕ್ಷೆಯಲ್ಲಿ ಆ ತಾಯಂದಿರು ಹಿಂದೆ ಬೀಳಲಿಲ್ಲ. ಕುಗ್ಗಿದ ಜಾಗಗಳು ಹೆಚ್ಚಾಗಿ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವ ಕೆಲಸದವು. ಹೆಚ್ಚು ಬದಲಾವಣೆಯಾದವರಿಗೆ ಮಗುವಿನ ಮೇಲಿನ ಅಂಟು ಜಾಸ್ತಿ ಇತ್ತು. ಹರೆಯದಲ್ಲೂ ಮಿದುಳು ಹೀಗೇ ಕುಗ್ಗುತ್ತದೆ, ಬೇಡದ ಜೋಡಣೆ ಕತ್ತರಿಸಿಕೊಂಡು ಬೇಕಾದದ್ದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಇದೂ ಅಂಥದ್ದೇ ಇರಬೇಕು ಅನ್ನುವುದು ವಿಜ್ಞಾನಿಗಳ ಊಹೆ. ಕಾಫಿ ತೋಟದವರು ಕೊಯ್ಲಾದ ಮೇಲೆ ಗಿಡ ಕಸಿ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಕಸಿ ಅಂದರೆ ಕೊಂಬೆ ಸವರುವುದು. ಸವರಿದ ಗಿಡ ಬೋಳಾಗಿ ಕಾಣುತ್ತದೆ, ಮುಂದಿನ ಫಸಲು ಅದರಲ್ಲೇ.

ಮುಂಚೆ ಒಂದು, ಆಮೇಲೆ ಒಂದು ಸ್ಕ್ಯಾನ್ ಸಾಲದು ಅನ್ನಿಸಿದವರಲ್ಲಿ ಕ್ಯಾಲಿಫೋರ್ನಿಯಾದ ನರವಿಜ್ಞಾನಿ ಎಲಿಜಬೆತ್ ಕ್ರಾಸ್ಟಿಲ್ ಒಬ್ಬರು. ತಾವೇ ಬಸುರಾಗಲು ಹೊರಟಿದ್ದರು, ತಮ್ಮ ತಲೆಯನ್ನೇ ಕೊಟ್ಟರು. ಬಸುರಿಗೆ ಮೂರು ವಾರ ಮುಂಚಿನಿಂದ ಮಗುವಿಗೆ ಎರಡು ವರ್ಷವಾಗುವ ತನಕ 26 ಸ್ಕ್ಯಾನ್. 2024ರಲ್ಲಿ ಪ್ರಕಟವಾದ ಆ ಚಿತ್ರಮಾಲೆಯಲ್ಲಿ ವಾರ ವಾರಕ್ಕೂ ಬೂದು ಭಾಗ ಇಳಿಯುವುದು ಕಾಣುತ್ತದೆ.

ಈ ಹೊಯ್ದಾಟ ಎಲ್ಲರಿಗೂ ಸಲೀಸಾಗಿ ಮುಗಿಯುವುದಿಲ್ಲ. ಮನುಷ್ಯರಲ್ಲಿ ಪ್ರೊಜೆಸ್ಟರಾನ್, ಈಸ್ಟ್ರೋಜೆನ್ ಎರಡೂ ಮಾಸು ಬಿದ್ದ ಮೇಲೆ ಕೆಲವೇ ದಿನದಲ್ಲಿ ಪಾತಾಳಕ್ಕೆ ಇಳಿಯುತ್ತವೆ. ಮೂರನೇ ದಿನ ಅಕ್ಕ ಕಾರಣವಿಲ್ಲದೆ ಅತ್ತಳು. ಭಾವ ಗಾಬರಿಯಾಗಿ ನಾನೇನು ಅಂದೆ, ನಾನೇನು ಅಂದೆ ಅಂತ ಎಲ್ಲರನ್ನೂ ಕೇಳಿದರು. ಮೂರರಿಂದ ಐದನೇ ದಿನದ ಈ ಅಳು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬರುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದಿದ್ದರೆ ಅದು ಖಿನ್ನತೆ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಇದು 22% ತಾಯಂದಿರನ್ನು ಕಾಡುತ್ತದೆ. ಅಂದರೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಮನೆಯವರು ಇದನ್ನು ಸೋಮಾರಿತನ ಅಂತಲೋ ಮಗುವಿನ ಮೇಲೆ ಅಕ್ಕರೆಯಿಲ್ಲ ಅಂತಲೋ ತಿಳಿದು ಬೈಯುವುದೇ ಹೆಚ್ಚು.

ಇನ್ನೂ ತೀವ್ರವಾದದ್ದಕ್ಕೆ ನಮ್ಮಲ್ಲಿ ಹಳೇ ಹೆಸರೇ ಇದೆ, ಬಾಣಂತಿ ಸನ್ನಿ. ನಿದ್ದೆ ಹೋಗುತ್ತದೆ, ಇಲ್ಲದ್ದು ಕೇಳಿಸುತ್ತದೆ, ಮಗು ತನ್ನದಲ್ಲ ಅನ್ನಿಸುತ್ತದೆ. ಸಾವಿರಕ್ಕೆ ಒಬ್ಬರಿಬ್ಬರಿಗೆ ಬರುವ ಇದು ಗಾಳಿ ಸೋಕಿದ್ದಲ್ಲ. ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ, ವಾಸಿಯಾಗುವ ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನ ಜೊತೆಗೇ ದಾಖಲು ಮಾಡಿಕೊಳ್ಳುವ ವಿಭಾಗವಿದೆ. ಮಗುವನ್ನು ಯಾಕೆ ಜೊತೆಗಿಡುತ್ತಾರೆ ಅನ್ನುವುದು ರೋಸೆನ್‌ಬ್ಲಾಟ್‌ರ ಎರಡನೇ ಪಂಜರ ನೆನಪಿದ್ದರೆ ಗೊತ್ತಾಗುತ್ತದೆ. ಹೆತ್ತ ಕೂಡಲೇ ಮರಿಗಳನ್ನು ತೆಗೆದುಬಿಟ್ಟರೆ ತಾಯಿ ಇಲಿಯ ಆಸಕ್ತಿ ಕೆಲವೇ ದಿನದಲ್ಲಿ ಇಳಿಯುತ್ತದೆ. ಸ್ವಲ್ಪ ಕಾಲ ಜೊತೆಗಿದ್ದು ನೆಕ್ಕಿ, ಹಾಲು ಕೊಟ್ಟಿದ್ದರೆ, ಆಮೇಲೆ ಅಗಲಿಸಿದರೂ ವಾರಗಟ್ಟಲೆ ಉಳಿಯುತ್ತದೆ. ಹಾರ್ಮೋನ್ ಕೈಬಿಟ್ಟ ಮೇಲೆ ಹಿಡಿದುಕೊಳ್ಳುವುದು ಈ ಒಡನಾಟ. ಮದ್ದಿನ ಕಡೆಯೂ ಹೊಸದಾಗಿ ದಾರಿ ತೆರೆದಿದೆ. ಪ್ರೊಜೆಸ್ಟರಾನ್‌ನಿಂದ ಮಿದುಳಿನಲ್ಲಿ ಹುಟ್ಟುವ ಅಲೋಪ್ರೆಗ್ನನಲೋನ್ ಎಂಬ ವಸ್ತು ನರಗಳನ್ನು ಶಾಂತಗೊಳಿಸುತ್ತದೆ. ಹೆರಿಗೆಯ ನಂತರ ಇದೂ ಕುಸಿಯುತ್ತದೆ. ಅದನ್ನೇ ಹೋಲುವ ಗುಳಿಗೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನು ಅಪ್ಪಂದಿರು. ಅವರಿಗೆ ಬಸುರಿಲ್ಲ, ಮಾಸಿಲ್ಲ, ಹಾಲಿಲ್ಲ. ಫಿಲಿಪೀನ್ಸ್‌ನ ಸೆಬು ನಗರದಲ್ಲಿ 624 ಯುವಕರ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಅನ್ನು 2005ರಲ್ಲಿ ಅಳೆದು, 2009ರಲ್ಲಿ ಮತ್ತೆ ಅಳೆದರು. ಮೊದಲು ಇದು ಹೆಚ್ಚಿದ್ದವರೇ ಈ ನಾಲ್ಕು ವರ್ಷದಲ್ಲಿ ಹೆಚ್ಚಾಗಿ ಅಪ್ಪಂದಿರಾಗಿದ್ದರು. ಆದರೆ ಅಪ್ಪಂದಿರಾದವರಲ್ಲಿ ಅದು ಬೆಳಗಿನ ಹೊತ್ತು 26%, ಸಂಜೆ 34% ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುವವರಲ್ಲಿ, ಏನೂ ಮಾಡದವರಿಗಿಂತ ಕಡಿಮೆ ಇತ್ತು. ಮೀಸೆ ತಿರುವುವವರು ಇದನ್ನು ಓದಿ ಬೇಜಾರಾಗಬೇಕಿಲ್ಲ, ಆ ಇಳಿತದಿಂದ ಆರೋಗ್ಯವೇನೂ ಕೆಡುವುದಿಲ್ಲ.

ಇಸ್ರೇಲಿನ ರೂತ್ ಫೆಲ್ಡ್‌ಮನ್ ತಂಡ 2014ರಲ್ಲಿ 89 ಹೊಸ ಅಪ್ಪ ಅಮ್ಮಂದಿರ ಮಿದುಳು ನೋಡಿತು. ಮಗುವಿನ ಹೊಣೆ ಮುಖ್ಯವಾಗಿ ಹೊತ್ತ ಅಮ್ಮಂದಿರಲ್ಲಿ ಭಯ, ಎಚ್ಚರಗಳ ಜಾಗವಾದ ಅಮಿಗ್ಡಲಾ ಚುರುಕಾಗಿತ್ತು. ಅವರಿಗೆ ನೆರವಾಗುವ ಅಪ್ಪಂದಿರಲ್ಲಿ ಅದಕ್ಕಿಂತ, ಇನ್ನೊಬ್ಬರ ಮುಖ ಮಾತು ಓದುವ, ಕಿವಿಯ ಹತ್ತಿರದ ಭಾಗ ಚುರುಕಾಗಿತ್ತು. ಮೂರನೇ ಗುಂಪಿನಲ್ಲಿ ಬಾಡಿಗೆ ತಾಯಿಯಿಂದ ಮಗು ಪಡೆದು ತಾವಿಬ್ಬರೇ ಸಾಕುತ್ತಿದ್ದ ಸಲಿಂಗಿ ಗಂಡಸರಿದ್ದರು. ಅವರ ಮನೆಯಲ್ಲಿ ಅಮ್ಮನೇ ಇಲ್ಲ. ಅವರಲ್ಲಿ ಎರಡೂ ಜಾಗ ಎಚ್ಚರವಾಗಿದ್ದವು. ಅಪ್ಪಂದಿರಲ್ಲಿ ಈ ಎರಡು ಜಾಗಗಳ ನಡುವಿನ ಜೋಡಣೆ ಎಷ್ಟು ಗಟ್ಟಿ ಅನ್ನುವುದು ಮಗುವನ್ನು ಎಷ್ಟು ಹೊತ್ತು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ತಕ್ಕಂತೆ ಇತ್ತು. ಆರು ದಿನ ಮೂಲೆಯಲ್ಲಿ ಕೂತಿದ್ದ ಆ ಗಂಡಿಲಿ ನೆನಪಾಗಲಿಲ್ಲವೇ?

ನಮ್ಮ ಭಾವ ಬಾಣಂತನದ ಐದು ತಿಂಗಳೂ ಭಾನುವಾರ ಭಾನುವಾರ ಬರುತ್ತಿದ್ದರು. ಮಗುವನ್ನು ಹತ್ತು ನಿಮಿಷ ಅವರ ತೊಡೆ ಮೇಲೆ ಮಲಗಿಸುತ್ತಿದ್ದರು. ಅತ್ತರೆ ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಅವರು ಕಾಫಿ ಕುಡಿದು ಪೇಪರ್ ಓದುತ್ತಿದ್ದರು. ರಾತ್ರಿ ಉಳಿದರೆ ಗೊರಕೆಯೇ ಗೊರಕೆ, ಮಗು ಎಷ್ಟು ಅರಚಿದರೂ ಏಳುತ್ತಿರಲಿಲ್ಲ. ಆಮೇಲೆ ಅಕ್ಕ ತನ್ನ ಮನೆಗೆ ಹೋದಳು. ಅಲ್ಲಿ ಅಜ್ಜಿಯಿಲ್ಲ, ಚಿಕ್ಕಮ್ಮನಿಲ್ಲ. ರಾತ್ರಿ ಎರಡರಿಂದ ಐದರ ತನಕದ ಪಾಳಿ ಭಾವನಿಗೆ ಬಿತ್ತು.

ಮೊನ್ನೆ ಅವರ ಮನೆಯಲ್ಲಿ ಉಳಿದಿದ್ದೆ. ನಡುರಾತ್ರಿ ಒಳಕೋಣೆಯಲ್ಲಿ ಮಗು ಒಮ್ಮೆ ಕೆಮ್ಮಿತು. ಅತ್ತದ್ದೂ ಅಲ್ಲ, ಬರೀ ಕೆಮ್ಮು. ನಾನು ಕಣ್ಣು ಬಿಡುವಷ್ಟರಲ್ಲಿ ಭಾವ ಲೈಟು ಕೂಡ ಹಾಕದೆ ತೊಟ್ಟಿಲ ಹತ್ತಿರ ನಿಂತಿದ್ದರು. ಅಕ್ಕ ಮಗ್ಗುಲು ಬದಲಿಸಿ ಹೊದಿಕೆ ಎಳೆದುಕೊಂಡಳು.